ಹಂತಿಕಲ್ಲಿನ ಕರು

ಜನವರಿ 8, ಬುಧವಾರ

ಭಲೇ! ಇಂದು ನಾನು ಕಾಯುವ ಹಂತಿಕಲ್ಲಿಗೆ ಪ್ರೇಕ್ಷಕರು ಬಂದರು. ಒಬ್ಬರೇ ಒಬ್ಬರು. ಆದರೇನು, ಕಂಪನಿ ನಾಟಕದ ಸೈಡ್‌ವಿಂಗಿನ ಹಿಂದೆ ಸೀರೆಯ ಜೋಲಿಯಲ್ಲಿ ಬೆಳೆದವನು ನಾನು. "ಮುಂದಿನ ಬೆಂಚಲ್ಲಿ ನಾಯಿ ಮಲಗಿದ್ರೂ ಪೂರಾ ಆಟ ಆಡ್ಬೇಕು ಕಣೋ ಶಾಂತ" ಎನ್ನುತ್ತಿದ್ದರು ಹಾರ್ಮೋನಿಯಂ ನುಡಿಸುತ್ತಿದ್ದ ನಮ್ಮಪ್ಪ. ಆಡಿಬಿಟ್ಟೆ.

ಬಂದಾಕೆಯ ಹೆಸರು ವಿನುತಾ. ಮೈಸೂರಿನವಳು, ಮೂವತ್ತರ ಆಸುಪಾಸು. ಹಳೆಯ ಚಿತ್ರಗಳಿಗೆ ಚಿಕಿತ್ಸೆ ಮಾಡುವುದು ಅವಳ ಕೆಲಸವಂತೆ. ಪುರಾತತ್ವ ಇಲಾಖೆಯವರು ಕಳಿಸಿದ್ದಾರೆ. ಗುಡ್ಡ ಹತ್ತಿ ಬಂದು ಬಂಡೆಯ ಚಾಚಿನಡಿ ಬ್ಯಾಗು ಇಳಿಸಿದ್ದೇ ತಡ, ನಾನು ಶಾಲನ್ನು ಹೆಗಲಿಗೆ ಬೀಸಿ, ಎಡಗಾಲು ಮುಂದಿಟ್ಟು, ಶುರುವಿಟ್ಟುಕೊಂಡೆ.

"ಬನ್ನಿರಿ, ಬನ್ನಿರಿ! ಅಕ್ಷರ ಹುಟ್ಟದ ಕಾಲ! ಮನುಷ್ಯ ಲೋಹವನ್ನೇ ಕಾಣದ ಕಾಲ! ಮಳೆಗೆ ಹೆದರಿ ಈ ಬಂಡೆಯಡಿ ಕುಳಿತ ಒಬ್ಬಾತ ಕೆಮ್ಮಣ್ಣಿನಲ್ಲಿ ಬೆರಳದ್ದಿ, ಆಹಾ! ಒಕ್ಕಣೆಯ ಕಣದಲ್ಲಿ ಹಂತಿ ಕಟ್ಟಿದ ಹಾಗೆ ಹನ್ನೊಂದು ದನಗಳನ್ನು ಸಾಲಾಗಿ ನಿಲ್ಲಿಸಿಬಿಟ್ಟ! ಹತ್ತು ದನ ಮುಂದಕ್ಕೆ ನೋಡುತ್ತಿವೆ. ಹನ್ನೊಂದನೆಯದೋ? ಕತ್ತು ಹಿಂದಕ್ಕೆ ತಿರುಗಿಸಿದೆ! ಯಾರಿಗಾಗಿ? ಯಾರಿಗಾಗಿ ತಾಯಿ, ಯಾರಿಗಾಗಿ? ಅಗೋ ಅಲ್ಲಿ, ಹಿಂದೆ ಉಳಿದ ಕರುವಿಗಾಗಿ!"

"ಗಾಗಿ... ಗಾಗಿ..." ಎಂದು ಬಂಡೆ ಮೂರು ಸಲ ಹಿಮ್ಮೇಳ ಕೊಟ್ಟಿತು. ಚಪ್ಪಾಳೆಗಾಗಿ ಕಾದೆ.

"ಸರ್," ಎಂದಳು ಆಕೆ. "ಸ್ವಲ್ಪ ಹಿಂದೆ ನಿಂತು ಮಾತಾಡ್ತೀರಾ? ಉಗುಳು ಗೋಡೆಗೆ ಹಾರ್ತಾ ಇದೆ."

ಐವತ್ತು ವರ್ಷದ ರಂಗಜೀವನದಲ್ಲಿ ಇಂಥ ವಿಮರ್ಶೆ ಕೇಳಿರಲಿಲ್ಲ! ಒಂದು ಕಾಲದಲ್ಲಿ ಮುಂದಿನ ಸಾಲಿನವರು ನನ್ನ ಉಗುಳನ್ನು ತೀರ್ಥವೆಂದು ಒರೆಸಿಕೊಳ್ಳುತ್ತಿದ್ದರು.

ಅಟ್ಟಣಿಗೆ ಕಟ್ಟಲು ಬಂದಿದ್ದ ಕಾಳ ಬಿದಿರು ಕೆಳಗಿಟ್ಟು ನಕ್ಕ. ಪಕ್ಕದ ಎಸ್ಟೇಟಿನ ಕೂಲಿ ಲೈನ್‌ಮನೆಯವನು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ನಗುವುದರಲ್ಲಿ ಮಾತ್ರ ಯಾರಿಗೂ ಚಿಕ್ಕವನಲ್ಲ. "ಮೇಷ್ಟ್ರು ಕೂಗಿದ್ರೆ ಆಚೆ ಗುಡ್ಡದ ಆನೆ ಎದ್ದು ದಾರಿ ಬಿಡ್ತದೆ ಮೇಡಂ. ಗೋಡೆ ಏನ್ ಮಹಾ?"

ವಿನುತಾ ಸಂಜೆಯವರೆಗೆ ಟಾರ್ಚು ಹಿಡಿದು ನೋಡಿದಳು. ಕರುವಿನ ಸುತ್ತ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಬೂಷ್ಟು. ಅಲ್ಲಿ ಬಂಡೆಯ ಮೇಲ್ಪದರ ಹಪ್ಪಳದ ಹಾಗೆ ಏಳುತ್ತಿದೆ. ಅದು ನಿಧಾನಕ್ಕೆ ತಾಯಿಹಸುವಿನ ಮೂತಿಯ ಕಡೆ ಹೊರಟಿದೆ. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ತಡೆಯದಿದ್ದರೆ ಮುಂದಿನ ಮಳೆಗಾಲಕ್ಕೆ ಹಸು ಇರುವುದಿಲ್ಲ ಎಂದಳು.

ಹತ್ತಿರದಲ್ಲಿ ಲಾಡ್ಜಿಲ್ಲ. ನಮ್ಮ ಜಗುಲಿಯ ಪಕ್ಕದ ಕೋಣೆಯಲ್ಲೇ ವಾಸ, ನಮ್ಮ ಮನೆಯಾಕೆ ಮಹಾದೇವಮ್ಮನ ಕೈಯೂಟ. ಗುಡ್ಡ ಇಳಿಯುವಾಗ ಕೇಳಿದಳು: "ದನಗಳೆಲ್ಲ ಮಸುಕಾಗಿವೆ, ಕರು ಒಂದು ಮಾತ್ರ ಇಷ್ಟು ಗಟ್ಟಿ ಬಣ್ಣ ಉಳಿಸ್ಕೊಂಡಿದೆಯಲ್ಲ. ಇಲಾಖೆಯ ಹಳೇ ಫೋಟೋದಲ್ಲೂ ಕರು ಇದೆ, ಆದ್ರೆ ಅದರಲ್ಲಿ ಇಷ್ಟು ಕಾಣಲ್ಲ. ಯಾಕಿರಬಹುದು?"

"ದೈವಲೀಲೆ!" ಎಂದೆ, ಎರಡು ಕೈ ಮೇಲೆತ್ತಿ.

ಈ ಪುಸ್ತಕ ಯಾರೂ ಓದುವುದಿಲ್ಲ. ಪ್ರತಿ ಆಟದ ಮಾರನೆಯ ದಿನ ಅಲ್ಲಿ ತಪ್ಪಿದ್ದನ್ನು ಬರೆದಿಡುವ ಕಂಪನಿಯ ಅಭ್ಯಾಸ ನನಗಿನ್ನೂ ಬಿಟ್ಟಿಲ್ಲ, ಅಷ್ಟೆ. ಆದ್ದರಿಂದ ಇಲ್ಲಿ ಬರೆಯಬಹುದು. ಆ ಕರು ಸಾವಿರಾರು ವರ್ಷದ್ದಲ್ಲ. ಆರು ವರ್ಷದ್ದು. ಬರೆದವನು ನಾನು.

ಜನವರಿ 9

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎರಡು ಸಾವಿರದ ಹದಿನೆಂಟರ ಆಗಸ್ಟ್. ನಮ್ಮ ಜಿಲ್ಲೆಯ ಗುಡ್ಡಗಳು ಕಾಲು ಬಂದವರ ಹಾಗೆ ನಡೆದ ತಿಂಗಳು. ಹಂತಿಕಲ್ಲು ಜರುಗಲಿಲ್ಲ, ಆದರೆ ಇಪ್ಪತ್ತು ದಿನ ಅದರ ಮೈಯಿಂದ ನೀರು ಜಿನುಗಿತು. ದಾರಿ ಬಿಟ್ಟ ಮೇಲೆ ಹತ್ತಿ ನೋಡಿದರೆ, ಕರು ಇರಲಿಲ್ಲ. ಮೇಲ್ಪದರ ಸಿಡಿದು ಬುಡದಲ್ಲಿ ಕೆಂಪು ಚೂರುಗಳಾಗಿ ಬಿದ್ದಿತ್ತು. ಹಸು ಕತ್ತು ತಿರುಗಿಸಿ ಬರಿ ಕಲ್ಲನ್ನು ನೋಡುತ್ತಿತ್ತು.

ಕಾವಲುಗಾರ ನಾನು. ಇಲಾಖೆಗೆ ಹೇಳಬೇಕಿತ್ತು. ಆದರೆ ಕಂಪನಿಯಲ್ಲಿ ಹಾಲಿನ ಜೊತೆ ಕುಡಿದ ಕಟ್ಟಳೆ ಒಂದಿದೆ: ಪಾತ್ರ ಖಾಲಿ ಬಿಡಬಾರದು. ರಾಣಿಯ ಪಾತ್ರದವನಿಗೆ ಜ್ವರ ಬಂದರೆ ಅಡುಗೆಯವನಾದರೂ ಸೀರೆ ಉಟ್ಟು ಹೋಗಬೇಕು. ರಾಜ "ಪ್ರಿಯೆ" ಎಂದು ತಿರುಗಿದಾಗ ಅಲ್ಲಿ ಯಾರಾದರೂ ಇರಲೇಬೇಕು. ನನಗೇ ಎಂಟನೇ ವಯಸ್ಸಿನಲ್ಲಿ ಹಾಗೆ ಎಂಬತ್ತು ವರ್ಷದ ಋಷಿಯ ಗಡ್ಡ ಅಂಟಿಸಿದ್ದರು.

ಚೂರುಗಳನ್ನು ಕುಂಕುಮದ ಡಬ್ಬಿಯಲ್ಲಿ ತುಂಬಿ ತಂದೆ. ಅದರ ಮೈ ಅದಕ್ಕೇ ಸೇರಲಿ ಎಂದು ಹೊಳೆದಂಡೆಯ ಕೆಮ್ಮಣ್ಣಿನ ಜೊತೆ ಅರೆಯಲು ಕೊಟ್ಟೆ. ಅರೆದವಳು ಮಹಾದೇವಮ್ಮ. ಅಂಟಿಗೆ ಸರೇಸು ಬೇಕೆಂದರೆ, "ಮೂಳೆ ಬೇಯ್ಸಿದ ಅಂಟು ನಮ್ಮ ಲಿಂಗವಂತರ ಒಲೆ ಮೇಲೆ ಬೇಡ" ಎಂದು ಮೈದಾ ಗಂಜಿ ಕಾಯಿಸಿದಳು. ನಾವು ಊರೂರಿಗೆ ವಾಲ್‌ಪೋಸ್ಟರ್ ಅಂಟಿಸುತ್ತಿದ್ದದ್ದೂ ಅದರಲ್ಲೇ. ಹುಳ ಹಿಡಿಯಬಾರದೆಂದು ಪೋಸ್ಟರಿನ ಗಂಜಿಗೆ ಒಂದು ಚಿಟಿಕೆ ಮೈಲುತುತ್ತ ಹಾಕುವುದೂ ಕಂಪನಿಯ ಕ್ರಮ. ಕಾಫಿಗೆ ಹೊಡೆಯಲು ತಂದ ನೀಲಿ ಹರಳು ಅಟ್ಟದ ಮೇಲೇ ಇತ್ತು. ಹಾಕಿದೆ.

ಅದು ಇದ್ದ ಜಾಗದಲ್ಲೇ, ಇದ್ದ ಹಾಗೇ ಗೆರೆ ಎಳೆದೆ. ಆಗಲೇ ಹನ್ನೊಂದು ವರ್ಷ ಆ ಕರುವನ್ನು ನೋಡಿದವನು, ಕಣ್ಣು ಮುಚ್ಚಿಯೂ ಎಳೆಯಬಲ್ಲೆ. ಎಳೆದು ಹಿಂದೆ ಸರಿದು ನೋಡಿದಾಗ ಅತ್ತುಬಿಟ್ಟೆ, ಸಂತೋಷಕ್ಕೆ.

ಜನವರಿ 14, ಸಂಕ್ರಾಂತಿ

ಮಹಾದೇವಮ್ಮ ವಿನುತಾಳಿಗೆ ಎಳ್ಳುಬೆಲ್ಲ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಬಟ್ಟಲನ್ನು ಮೂಗಿನ ನೇರಕ್ಕೆ ಹಿಡಿದು, "ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡಿ" ಎಂದಳು. ಎಲ್ಲರೂ ಹೇಳುವ ಮಾತೇ. ಆದರೆ ಆ ಧಾಟಿ! ನಲವತ್ತು ವರ್ಷ ನನ್ನ ಜೊತೆ ಬಾಳಿ ಅವಳೂ ನಟಿಯಾಗಿದ್ದಾಳೆ.

ವಿನುತಾ ಈಗ ನನ್ನನ್ನು ಸರ್ ಎನ್ನುವುದಿಲ್ಲ. ಕಾಳ ಕರೆಯುವುದು ಕೇಳಿ ಮೇಷ್ಟ್ರೇ ಎನ್ನುತ್ತಾಳೆ. ಊರುಗಳಲ್ಲಿ ನಾಟಕ ಕಲಿಸಿದ್ದಕ್ಕೆ ಬಂದ ಬಿರುದು ಅದು, ಅವಳ ಬಾಯಲ್ಲಿ ಪಾಠ ಕಲಿಸಿದವನ ಹೆಸರಿನ ಹಾಗೆ ಕೇಳಿಸುತ್ತದೆ. ಭೂತಕನ್ನಡಿ ಕೊಟ್ಟು ಹಸುವಿನ ಬೆನ್ನಿನ ಗೆರೆ ತೋರಿಸಿದಳು. "ಇಲ್ಲಿ ನೋಡಿ, ಬೆರಳು ಒಂದು ಸಲ ನಿಂತಿದೆ. ಬಣ್ಣ ಮುಗಿದಿರಬೇಕು. ಮತ್ತೆ ಅದ್ದಿ ಮುಂದುವರಿಸಿದಾನೆ."

ದಿನಾ ನೋಡಿದ ಗೋಡೆ. ಆ ಬೆರಳು ನಿಂತ ಜಾಗ ನನಗೆ ಕಂಡೇ ಇರಲಿಲ್ಲ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತವನಿಗೆ ಹಿಂದಿನ ಪರದೆ ಹೇಗೆ ಕಾಣಬೇಕು?

ಜನವರಿ 22

ಮಹಾದೇವಾ!

ಇಂದು ಬಂದೂಕಿನಂಥ ಒಂದು ಯಂತ್ರ ತಂದಳು. ಗೋಡೆಗೆ ಹಿಡಿದು ಕುದುರೆ ಒತ್ತಿದರೆ ಬಣ್ಣದಲ್ಲಿ ಯಾವ ಲೋಹ ಇದೆ ಎಂದು ಹೇಳುತ್ತದಂತೆ. ಒಂದೊಂದೇ ದನಕ್ಕೆ ಹಿಡಿದಳು. ಕಬ್ಬಿಣ, ಕಬ್ಬಿಣ, ಕಬ್ಬಿಣ. ಕೆಮ್ಮಣ್ಣೆಂದರೆ ಅದೇ ತಾನೆ. ಕರುವಿಗೆ ಹಿಡಿದಳು.

"ತಾಮ್ರ," ಎಂದಳು. ಮತ್ತೆ ಹಿಡಿದಳು. "ತಾಮ್ರ! ಮೇಷ್ಟ್ರೇ, ತಾಮ್ರ ಇದೆ ಇದರಲ್ಲಿ!"

ಅಟ್ಟಣಿಗೆಯ ಮೇಲೆ ಕುಣಿದಳು. ಬಿದಿರು ಕಿರ್ ಎಂದಿತು. ಕಾಳ ಕೆಳಗಿನಿಂದ, "ತಾಮ್ರ ಬೇಕಂದ್ರೆ ನಮ್ಮ ಎಸ್ಟೇಟಿಗೆ ಬನ್ನಿ ಮೇಡಂ. ಮೈಲುತುತ್ತ ಸುಣ್ಣ ಕಲಸಿ ಡ್ರಮ್ಮುಗಟ್ಟಲೆ ಹೊಡೀತೀವಿ. ನನ್ನ ಅಂಗಿ ಹಿಂಡಿದ್ರೂ ಬತ್ತದೆ" ಎಂದ.

ಶಾಲು ಸರಿಮಾಡಿಕೊಳ್ಳುವ ನೆಪದಲ್ಲಿ ನಾನು ಮುಖ ತಿರುಗಿಸಿದೆ.

ಅವಳು ಅದನ್ನೂ ಯೋಚಿಸಿದಳು. ಗಾಳಿಗೆ ಹಾರಿ ಬಂದಿದ್ದರೆ ಎಲ್ಲ ದನಗಳ ಮೇಲೂ ಇರಬೇಕು. ಇರುವುದು ಕರುವಿನ ಮೇಲೆ ಮಾತ್ರ. ಅಂದರೆ ಬರೆದವನೇ ಬೇಕೆಂದು ಸೇರಿಸಿದ್ದಾನೆ! ಅಷ್ಟು ಹಿಂದೆಯೇ ಯಾರೋ ಬಣ್ಣ ಗಟ್ಟಿಯಾಗಿ ನಿಲ್ಲಲಿ ಎಂದು ತಾಮ್ರದ ಹುಡಿ ಬೆರೆಸಿದ್ದರೆ, ಎಲ್ಲೂ ಕಾಣದ ಸಂಗತಿಯಂತೆ. ಫೆಬ್ರವರಿ ಹತ್ತಕ್ಕೆ ಮೈಸೂರಿನಲ್ಲಿ ಅವಳ ಕಸುಬಿನ ಹಿರಿಯರ ಸಭೆ. ಅಲ್ಲಿ ಇದನ್ನೇ ಹೇಳುತ್ತಾಳಂತೆ.

"ನಿಮ್ಮ ಕರು ಇದೆಯಲ್ಲ ಮೇಷ್ಟ್ರೇ, ಅದು ನನ್ನನ್ನ ಎಲ್ಲಿಗೋ ಕರ್ಕೊಂಡು ಹೋಗುತ್ತೆ."

ನಿಮ್ಮ ಕರು ಎಂದಳು. ಮಾತಿಗೆ ಹಾಗೆಂದದ್ದು.

ಜನವರಿ 30

ಇಲಾಖೆಯ ಸಾಹೇಬರು, ರೇಣುಕಪ್ರಸಾದ್ ಅವರು, ಫೋನು ಮಾಡಿ ವಿನುತಾಳನ್ನು ಹೊಗಳಿದರಂತೆ. ಫೋನು ನನಗೂ ಕೊಟ್ಟಳು. "ಚೆನ್ನಾಗಿ ಕಾದಿದ್ದೀರಿ ಶಾಂತಪ್ಪನೋರೆ" ಎಂದರು. ಹೂಂ ಎಂದೆ.

ಚಿಕಿತ್ಸೆ ಗೊತ್ತಾಯಿತು. ಬಂಡೆಯ ಎದ್ದ ಪದರದ ಹಿಂದೆ ಸಿರಿಂಜಿನಲ್ಲಿ ಒಂದು ಅಂಟುದ್ರವ ಬಿಟ್ಟು ಕೂರಿಸುವುದು. ಫೆಬ್ರವರಿ ಆರು, ಗುರುವಾರ. ಕರುವೇ ಅಮೂಲ್ಯವಾದ್ದರಿಂದ ಕರುವಿಗೇ ಮೊದಲು.

"ಒಂದು ಸಲ ಹೋಯ್ತು ಅಂದ್ರೆ?" ಕೇಳಿದೆ.

"ಆಮೇಲೆ ತೆಗೆಯೋಕಾಗಲ್ಲ. ಬಂಡೆ, ಬಣ್ಣ ಎಲ್ಲ ಒಂದೇ ಆಗುತ್ತೆ. ಅದಕ್ಕೇ ಬಣ್ಣದಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿರಬೇಕು. ತಪ್ಪಾದ್ರೆ ಒಳಗೇ ಕೊಳೆಯುತ್ತೆ, ಪಕ್ಕದ್ದನ್ನೂ ಎಳ್ಕೊಂಡು ಬೀಳುತ್ತೆ."

ಭೂತಕನ್ನಡಿಯಲ್ಲಿ ನಾನೇ ನೋಡಿದೆ. ಗಂಜಿ ಹಾಕಿದ ಸೀರೆ ಒಣಗಿ ಸೆಟೆದ ಹಾಗೆ ನನ್ನ ಬಣ್ಣ ಸೆಟೆದಿದೆ. ಸೆಟೆದು ಕಲ್ಲಿನ ಚರ್ಮವನ್ನು ಜಗ್ಗುತ್ತಿದೆ. ಬೂಷ್ಟು ತಿನ್ನುತ್ತಿರುವುದು ಮೈದಾವನ್ನು. ಮೈಲುತುತ್ತ ಎರಡು ಮಳೆಗಾಲ ಕಾದು ಕೈಬಿಟ್ಟಿದೆ. ಹಸುವಿನ ಮೂತಿಯನ್ನು ಎಳೆಯುತ್ತಿರುವುದು ನಾನು ಬರೆದ ಕರು.

ಫೆಬ್ರವರಿ 2

ಒಪ್ಪಿಕೊಳ್ಳುವ ಮಾತು ಬರೆದುಕೊಂಡೆ. ನಾಲ್ಕು ಪುಟ. ಮೊದಲು ಬಾಲ್ಯ, ಆಮೇಲೆ ಕಂಪನಿಯ ಕಟ್ಟಳೆ, ಆಮೇಲೆ ಮಳೆ, ಕೊನೆಗೆ ಮಂಡಿಯೂರುವುದು. ಹಿತ್ತಲಲ್ಲಿ ಮೆಣಸಿನ ಬಳ್ಳಿಯ ಮುಂದೆ ಅಭ್ಯಾಸ ಮಾಡಿದೆ.

ಮಹಾದೇವಮ್ಮ ಒಣಗಿದ ಬಟ್ಟೆ ತೆಗೆಯುತ್ತಾ ಕೇಳಿಸಿಕೊಂಡಳು. "ಚೆನ್ನಾಗೈತೆ. ಬಳ್ಳಿ ಕ್ಷಮಿಸ್ತಂತಾ?"

ಫೆಬ್ರವರಿ 5

"ನಾನು ಅರೆದ್‌ಕೊಟ್ಟೋಳು," ಎಂದಳು ಮಹಾದೇವಮ್ಮ, ವಿನುತಾ ಸ್ನಾನಕ್ಕೆ ಹೋದಾಗ, ದನಿ ತಗ್ಗಿಸಿ. "ನಾನೇ ಹೇಳ್ಬೋದು. ಒಂದು ಮಾತು. ಆ ಮಗ ದಿನಾ ನನ್ನ ಕೈಯಲ್ಲಿ ಉಣ್ತದೆ ಕಣ್ರೀ."

"ಹೇಳಿದ್ರೆ ನನ್ನ ಕೆಲಸ ಹೋಗ್ತದೆ."

"ಹೋಗ್ಲಿ."

"ಅವಳ ಹೆಸರು ಹೋಗ್ತದೆ. ಊರಿಗೆಲ್ಲ ಹೇಳಿಬಿಟ್ಟವಳೆ ತಾಮ್ರ ತಾಮ್ರ ಅಂತ."

"ಇವತ್ತು ಹೇಳಿದ್ರೆ ನಿಮ್ಮಿಂದ ಹೋಗ್ತದೆ. ನಾಳೆ ಯಾರಾದ್ರೂ ಕಂಡುಹಿಡಿದ್ರೆ ಅವಳಿಂದ್ಲೇ ಹೋಗ್ತದೆ. ಆಮೇಲೆ ಹಸೂನೂ ಹೋಗ್ತದೆ." ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹೊಸಿಲಲ್ಲಿ ನಿಂತು, "ನೀವೇ ಹೇಳ್ತೀರಾ ಅಂತ್ಲೇ ನಾನು ಹೇಳ್ತಿಲ್ಲ" ಎಂದಳು.

ಇವಳಿಗೆ ಸಂಭಾಷಣೆ ಬರೆದುಕೊಡುವವರು ಯಾರು?

ಫೆಬ್ರವರಿ 6, ಗುರುವಾರ

ಹೇಳಿದೆ.

ಅವಳು ಅಟ್ಟಣಿಗೆಯ ಮೇಲೆ ಕೂತು ಸಿರಿಂಜು ತುಂಬಿಕೊಂಡಿದ್ದಳು. ಸೂಜಿಯ ಮೊನೆ ಕರುವಿನ ಹೊಟ್ಟೆಯ ಹತ್ತಿರ ಹೋಗಿತ್ತು. ನಾಲ್ಕು ಪುಟದಲ್ಲಿ ಒಂದಕ್ಷರವೂ ಬರಲಿಲ್ಲ.

"ಅದು ನಂದು," ಎಂದೆ.

"ಏನು?"

"ಕರು. ಮೈದಾ ಗಂಜಿ, ಕೆಮ್ಮಣ್ಣು, ಮೈಲುತುತ್ತ. ಹದಿನೆಂಟರ ಮಳೆ ಆದ ಮೇಲೆ."

ಸೂಜಿ ಹಿಂದಕ್ಕೆ ಬಂತು. ಭೂತಕನ್ನಡಿ ಎತ್ತಿ ಕರುವಿನ ಗೆರೆ ನೋಡಿದಳು. ಆಮೇಲೆ, "ಉದುರಿದ ಚೂರು ಏನ್ ಮಾಡಿದ್ರಿ?"

"ಅರೆದು ಸೇರಿಸಿದೆ."

"ಇಟ್ಟಿದ್ರೆ ಜೋಡಿಸಬಹುದಿತ್ತು," ಎಂದಳು. ಬೈಯಲಿಲ್ಲ. ಬೆಳೆದುನಿಂತ ಗಿಡ ಒಣಗಿದ್ದನ್ನು ನೋಡಿ ಹೇಳುತ್ತಾರಲ್ಲ, ಹಾಗೆ ಹೇಳಿದಳು.

ಸೂಜಿಗೆ ಮುಚ್ಚಳ ಹಾಕಲು ಹೋದಳು. ಕೂರಲಿಲ್ಲ. ಮೂರನೇ ಸಲ ಕೂತಿತು. ಇಳಿದು ಹೋದಳು. ಕಾಳ ನನ್ನನ್ನು ನೋಡಿದ, ನಗಲಿಲ್ಲ.

ಫೆಬ್ರವರಿ 7

ಬೆಳಗಿನ ಬಸ್ಸಿಗೆ ಮೈಸೂರಿಗೆ ಹೊರಟಳು. ತಿಂಡಿ ತಿನ್ನಲಿಲ್ಲ. ಮಹಾದೇವಮ್ಮ ಅಕ್ಕಿರೊಟ್ಟಿ ಕಟ್ಟಿಕೊಟ್ಟಳು. ತೆಗೆದುಕೊಂಡಳು.

ಫೆಬ್ರವರಿ 8

ಹಂತಿಕಲ್ಲಿಗೆ ಹೋದೆ. ಕೂತು ಬಂದೆ.

ಫೆಬ್ರವರಿ 10

ಇಂದು ಅವಳ ಸಭೆ. ಶನಿವಾರಸಂತೆಯಿಂದ ಒಂದು ಕುಟುಂಬ ಬಂಡೆ ನೋಡಲು ಬಂದಿತ್ತು. ಕರು ತೋರಿಸಿ ಕೇಳಿದರು. "ಅದು ಈಚಿನದು, ನಾನು ಬರೆದದ್ದು, ಬರೆಯಬಾರದಿತ್ತು" ಎಂದೆ. ಅವರಿಗೆ ಇನ್ನೇನು ಕೇಳಬೇಕೋ ತಿಳಿಯಲಿಲ್ಲ. ಯಜಮಾನರು ಕಿತ್ತಳೆಹಣ್ಣು ಕೊಟ್ಟು ಹೋದರು.

ಫೆಬ್ರವರಿ 12, ಬುಧವಾರ

ಬಂದಳು! ನಾನು ಕಣದಲ್ಲಿ ಕಾಫಿ ಹರವುತ್ತಿದ್ದೆ. ಗೇಟು ತೆಗೆದ ಸದ್ದಿಗೆ ಎದ್ದು ನಿಂತೆ, ಏನು ಮಾಡಬೇಕೆಂದು ತೋಚದೆ ಮತ್ತೆ ಕೂತೆ.

ಸಭೆಯಲ್ಲಿ ಎದ್ದು ನಿಂತು ಹೇಳಿದಳಂತೆ: ತಾಮ್ರ ಅಂದದ್ದು ನನ್ನ ತಪ್ಪು, ಅದು ಕಾಫಿತೋಟದ ಮೈಲುತುತ್ತ, ನಾಟಕದ ಪೋಸ್ಟರಿನ ಗಂಜಿ. ಒಬ್ಬರು ಹಿರಿಯರು ನಕ್ಕರಂತೆ. ಇನ್ನೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರಂತೆ.

"ತುಂಬಾ ನಕ್ಕರಾ?"

"ಊಟದಲ್ಲೂ ನಕ್ಕರು. ಯಾರೋ ನನಗೆ ಮೈದಾದ ಪೂರಿ ಬಡಿಸಿ, ಪರೀಕ್ಷೆ ಮಾಡಿ ತಿನ್ನಿ ಅಂದ್ರು."

ಮಹಾದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ಗೊತ್ತಾಗಲಿಲ್ಲ.

ಸಾಹೇಬರು ನನ್ನನ್ನು ಕೂಡಲೇ ತೆಗೆದುಹಾಕುತ್ತೇನೆಂದರಂತೆ. ಆ ಗೋಡೆಯ ಮೇಲೆ ಯಾವ ಗೆರೆ ಯಾರದು ಎಂದು ಹೇಳಬಲ್ಲವರು ಶಾಂತಪ್ಪನವರೊಬ್ಬರೇ, ಅವರಿಲ್ಲದೆ ನಾನು ಕೈ ಇಡುವುದಿಲ್ಲ ಎಂದಳಂತೆ ಇವಳು. ಕೆಲಸ ಮುಗಿಯುವವರೆಗೆ ನಾನಿರಬಹುದು. ಆಮೇಲಿನದು ಆಮೇಲೆ.

"ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ ಮೇಷ್ಟ್ರೇ."

"ಇರಲಿ ತಾಯಿ."

"ಇರುತ್ತೆ. ಅದನ್ನ ಇಟ್ಕೊಂಡೇ ಕೆಲಸ ಮಾಡೋಣ."

ಮೂರು ರೊಟ್ಟಿ ತಿಂದಳು.

ಫೆಬ್ರವರಿ 14

ಕರುವನ್ನು ತೆಗೆಯುವ ಮೊದಲು ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಿಡಿದು ಗೆರೆ ಎತ್ತಿಕೊಂಡಳು. ಮೂಲೆಯಲ್ಲಿ ನನ್ನ ಹೆಸರು, ಇಸವಿ ಬರೆದಳು. ಅಪರಾಧಿಯ ದಾಖಲೆಯೋ ಎಂದೆ. "ಇದೂ ಈ ಬಂಡೆಗೆ ಆದದ್ದೇ ಅಲ್ವಾ, ಫೈಲಲ್ಲಿರಬೇಕು" ಎಂದಳು.

ಕೆಲಸ ಹೀಗೆ. ನೀರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಉಗುರಗಲದ ಜಾಗಕ್ಕೆ ಒತ್ತಿ ಹಿಡಿಯುವುದು. ಗಂಜಿ ಮೆದುವಾದ ಮೇಲೆ ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಎತ್ತುವುದು. ಎತ್ತುವ ಮುಂಚೆ ನನ್ನನ್ನು ಕೇಳುತ್ತಾಳೆ. ನಾನು "ನಂದು" ಎನ್ನಬೇಕು, ಅಥವಾ "ಅವನದು". ದಿನವಿಡೀ ಎರಡೇ ಮಾತಿನ ಪಾತ್ರ.

ಕೆಂಪಾದ ಹತ್ತಿಯನ್ನು ಎಸೆಯುವುದಿಲ್ಲ. ಅದರಲ್ಲಿ ಅರೆದ ಹಳೆಯ ಚೂರೂ ಇದೆಯಲ್ಲ. ಒಂದೊಂದನ್ನೂ ಗಾಜಿನ ಶೀಶೆಗೆ ಹಾಕಿ ಚೀಟಿ ಅಂಟಿಸುತ್ತಾಳೆ. ಬಾಲ. ಹಿಂಗಾಲು. ಕಿವಿ.

ಫೆಬ್ರವರಿ 20

ಹೊಟ್ಟೆ ಮುಗಿಯಿತು. ಹಸುವಿನ ಮೂತಿಯ ಹತ್ತಿರ ಬಂದೆವು. ಅಲ್ಲಿ ನನ್ನ ಗೆರೆಗೂ ಹಸುವಿಗೂ ಒಂದು ಕಡ್ಡಿಯ ಅಂತರ. ಉಸಿರು ಬಿಗಿಹಿಡಿದು "ನಂದು, ನಂದು" ಎನ್ನುತ್ತಾ ಹೋದೆ. ಆ ಅಂತರದಲ್ಲಿ ಒಂದು ಚುಕ್ಕೆ ಬಂತು. ಕನ್ನಡಿಯಲ್ಲಿ ಎಷ್ಟು ನೋಡಿದರೂ ತಿಳಿಯಲಿಲ್ಲ.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲದ್ದನ್ನ ಬಿಡೋಣ," ಎಂದಳು.

ಎದ್ದ ಪದರ ಈಗ ಬಿಗಿತ ಕಳೆದು ತಾನೇ ಕಲ್ಲಿಗೆ ಒರಗಿದೆ. ನಾಳೆ ಹಸುವಿಗೆ ಔಷಧ. ಕರುವಿದ್ದಲ್ಲಿ ಮೆತ್ತನೆ ಬೂದು ಬಣ್ಣದ ಕಲ್ಲು, ಗಾಯ ಮಾಗಿದ ಚರ್ಮದ ಹಾಗೆ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಮಹಾದೇವಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

"ಗಂಟಲು ಕಟ್ಟೈತಾ? ವಾರದಿಂದ ನೋಡ್ತಿದೀನಿ, ಪಿಸಪಿಸ ಅಂತೀರಿ. ಆಚೆ ಮನೆ ಕಾಮಾಕ್ಷಮ್ಮ, ಮೇಷ್ಟ್ರು ಊರಲ್ಲಿಲ್ವಾ ಅಂತ ಕೇಳಿದ್ರು."

ಏನೂ ಆಗಿಲ್ಲ. ಎಂದಿನಂತೆಯೇ ಮಾತಾಡುತ್ತಿದ್ದೇನೆ. ಇವಳಿಗೇ ಕಿವಿ ಮಂದವಾಗುತ್ತಿರಬೇಕು. ನಿನ್ನೆ ಬಂದ ಕಾಲೇಜು ಮಕ್ಕಳು ಮಾತ್ರ ಯಾಕೋ ತೀರಾ ಹತ್ತಿರ ಬಂದು ನಿಂತು ಕೇಳಿದರು.

ಹಸುವಿನ ಮೂತಿ ಕೂತಿತು. ವಿನುತಾ ತಟ್ಟಿ ನೋಡಿದಳು, ಟೊಳ್ಳು ಸದ್ದಿಲ್ಲ. ಇನ್ನೊಂದು ವಾರದಲ್ಲಿ ಹೊರಡುತ್ತಾಳೆ. ಸಾಹೇಬರಿಗೂ ಸಮಾಧಾನವಾಗಿದೆಯಂತೆ, ನನ್ನನ್ನು ಮುಂದುವರಿಸುವ ಹಾಗಿದೆಯಂತೆ.

ಇಳಿಯುವಾಗ ಹೇಳಿದಳು: "ನಾನು ಈ ಕೆಲಸ ಯಾಕೆ ಒಪ್ಕೊಂಡೆ ಗೊತ್ತಾ? ಹೋದ ವರ್ಷದ ಫೋಟೋದಲ್ಲಿ ಆ ಹಸುವಿನ ಕಣ್ಣು ನೋಡಿ. ಒಂದೇ ಚುಕ್ಕೆ. ಅಷ್ಟರಲ್ಲೇ ಎಲ್ಲ ಇದೆ. ಕರು ಹೋದ್ರೆ ಹೋಗ್ಲಿ, ಆ ಕಣ್ಣೊಂದು 'ಅವನದು' ಅಲ್ವಾ ಮೇಷ್ಟ್ರೇ."

ಹೂಂ ಎಂದೆ.

ಈ ಪುಸ್ತಕದಲ್ಲೂ ಬರೆದಿರಲಿಲ್ಲ. ಮಹಾದೇವಮ್ಮನಿಗೂ ಗೊತ್ತಿಲ್ಲ. ಕರು ಬರೆದ ಮಾರನೆಯ ದಿನ ಹೋಗಿ ನೋಡಿದೆ. ಹಸು ಕತ್ತು ತಿರುಗಿಸಿದ್ದರೂ ಕರುವನ್ನು ಕಂಡ ಹಾಗೆ ಕಾಣಲಿಲ್ಲ. ಕೆಮ್ಮಣ್ಣಿಗೆ ಉಗುಳು ಬೆರೆಸಿ ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಇಟ್ಟೆ. ಗಂಜಿ ಇಲ್ಲ, ಮೈಲುತುತ್ತ ಇಲ್ಲ. ಆ ಚುಕ್ಕೆಯಿಂದ ಯಾವ ಪದರವೂ ಏಳುವುದಿಲ್ಲ. ಬೂಷ್ಟು ಬರುವುದಿಲ್ಲ. ಯಾವ ಯಂತ್ರಕ್ಕೂ ಸಿಗುವುದಿಲ್ಲ. ಹಳೆಯ ಫೋಟೋದಲ್ಲಿ ಅಷ್ಟು ಸಣ್ಣದು ಕಾಣುವುದೂ ಇಲ್ಲ.

ಅದರಿಂದ ಯಾರಿಗೂ ಕೇಡಿಲ್ಲ. ಅವಳಿಗೆ ಅದು ಇಷ್ಟ.

ಫೆಬ್ರವರಿ 28

ಅವಳು ಕಣ್ಣಿನ ಫೋಟೋ ತೆಗೆಯುತ್ತಿದ್ದಳು. ವರದಿಯ ಮೊದಲ ಪುಟಕ್ಕಂತೆ. ಬಿಸಿಲು ಬೀಳದ ಹಾಗೆ ಶಾಲು ಹಿಡಿದು ನಿಂತಿದ್ದೆ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅಟ್ಟಣಿಗೆ ಬಿಚ್ಚುವ ಮುಂಚೆ ಹತ್ತೋಣ ಎಂದೆ. ಹತ್ತಿದಳು. ಕೂತೆವು. ಮೋಡ ಕಟ್ಟಿತ್ತು, ಹೂಮಳೆ ಇವತ್ತೋ ನಾಳೆಯೋ.

"ಕಣ್ಣೂ ನಂದು," ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

"ಇದನ್ನ ಯಾರೂ ಕಂಡುಹಿಡಿತಿರಲಿಲ್ಲ," ಎಂದಳು.

"ಇಲ್ಲ."

"ಮತ್ತೆ ಯಾಕೆ ಹೇಳಿದ್ರಿ?"

ಇಂಥ ಪ್ರಶ್ನೆಗೆ ನಮ್ಮ ನಾಟಕಗಳಲ್ಲಿ ನೂರು ಉತ್ತರಗಳಿವೆ. "ನೀನು ಕೇಳಿದ್ಯಲ್ಲ," ಎಂದೆ. "ಅವನದು ಅಲ್ವಾ ಅಂತ."

ಅವಳು ಚೀಲ ತೆರೆದು ಹತ್ತಿ ಸುತ್ತಿದ ಒಂದು ಕಡ್ಡಿ ತೆಗೆದಳು. ನೀರಲ್ಲಿ ಅದ್ದಿ, ಹಿಂಡಿ, ನನ್ನ ಕೈಗೆ ಕೊಟ್ಟಳು. ಇಷ್ಟು ದಿನ ಗೋಡೆ ಮುಟ್ಟಲು ಬಿಟ್ಟಿರಲಿಲ್ಲ. ಟಾರ್ಚು ಹಿಡಿದು, "ಒತ್ತಬೇಡಿ, ಹೊರಳಿಸಿ" ಎಂದಳು. ನನ್ನ ಮೊಣಕೈಗೆ ತನ್ನ ಅಂಗೈ ಆನಿಸಿದಳು.

ಮೂರು ಸಲ ಹೊರಳಿಸುವಷ್ಟರಲ್ಲಿ ಬಂತು. ಕೆಳಗೆ ಬರಿ ಕಲ್ಲು. ಬರೆದವನು ಅಲ್ಲಿ ಏನೂ ಇಟ್ಟಿರಲಿಲ್ಲ. ಕಡ್ಡಿಯನ್ನು ಶೀಶೆಗೆ ಹಾಕಿದಳು, ಚೀಟಿ ಬರೆದಳು.

ಕಾಳ ಹಗ್ಗ ಬಿಚ್ಚಲು ಬಂದವನು ಕೆಳಗಿನಿಂದಲೇ ಕೂಗಿದ. "ಏನ್ ಮೇಷ್ಟ್ರೆ, ಕರೂನೂ ಕಿತ್ರಿ, ಈಗ ಕಣ್ಣೂ ಕಿತ್ರಾ? ಇನ್ನು ನಾಳೆ ಜನಕ್ಕೆ ಏನ್ ತೋರಿಸ್ತೀರಾ?"

"ಬಂದು ನೋಡೋ," ಎಂದೆ.

ಹತ್ತಿ ಬಂದ. ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ನಮ್ಮ ಪಕ್ಕ ಕುಕ್ಕರುಗಾಲಲ್ಲಿ ಕೂತ. ಹಸುವನ್ನು ನೋಡಿದ. ಹಿಂದಿನ ಬರಿ ಕಲ್ಲನ್ನು ನೋಡಿದ. ಮತ್ತೆ ಹಸುವನ್ನು.

"ಕಣ್ ಯಾಕ್ ಬೇಕಿತ್ತು ಮೇಷ್ಟ್ರೆ," ಎಂದ. "ತಿರುಗ್ಸಿದ ಕತ್ತೇ ಹೇಳ್ತದಲ್ಲ."

ವಿನುತಾ ಟಾರ್ಚು ಆರಿಸಿದಳು. ಮೂವರೂ ಹಾಗೇ ಕೂತಿದ್ದೆವು. ಕೆಳಗೆ ತೋಟದಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.